ಜೀಪು ಬೇಕು, ನಡಸಾಕಿ ಬ್ಯಾಡ ಅಂದ್ರ ಹೆಂಗ?

ಹೋದ ವಾರ ಸವಣೂರಿಂದ ಅಕ್ಕನ ಫೋನ್ ಬಂತು. ಮಗಳ ಲಗ್ನ ಗಟ್ಟಿ ಆಗೈತಿ, ನಿಮಗೆಲ್ಲಾ ಗೊತ್ತ ಐತಿ. ಸೀರಿ, ಅಡಗಿಯವರು, ಬೀಗರ ಕಡಿಂದ ಎಷ್ಟು ಮಂದಿ, ಎಲ್ಲಾ ಮಾತು ಮುಗಿದ ಮ್ಯಾಲ ಅಕ್ಕ ಮೆಲ್ಲಕ ಕೇಳಿದ್ಲು: "ಮದುಮಗನ ಮೆರವಣಿಗಿಗೆ ನಿನ್ನ ಜೀಪು ಕೊಡ್ತಿಯೇನ? ಹುಡ್ ಬಿಚ್ಚಿ ಹೂವು ಕಟ್ಟಿದ್ರ ಭಾಳ ಚಂದ ಕಾಣ್ತೈತಿ." ನನಗ ಹಿಗ್ಗು ಆತು. ಎರಡು ವರ್ಷದಿಂದ "ಗುಜರಿ ಗಾಡಿ" ಅಂದಾಕಿ ಇಕಿನ. "ಕೊಡೂದೇನು, ನಾನ ತರ್ತೀನಿ. ನಸುಕಿನಾಗ ಹಿರೇಕೆರೂರು ಬಿಟ್ರ ಹೊತ್ತು ಏರೂದ್ರೊಳಗ ಅಲ್ಲಿರ್ತೀನಿ" ಅಂದೆ. ಆ ಕಡೆ ಒಂದೀಟು ಹೊತ್ತು ಮಾತ ಇಲ್ಲ. ಆಮ್ಯಾಲ, "ಹಂಗಲ್ಲವಾ... ಮೆರವಣಿಗ್ಯಾಗ ನೀ ನಡಸೂದು ಬ್ಯಾಡ. ಯಾರರೆ ಹುಡುಗರು ನಡಸ್ಲಿ. ಮದುಮಗನ ಮುಂದಿನ ಸೀಟಿನ್ಯಾಗ ನೀ ಕುಂತ್ರ ಬೀಗರು ಏನಂದಾರು?"

ನಾನು ಗಂಡನ್ನ ಕಳಕೊಂಡು ನಾಕು ವರ್ಷ ಆತು. ಅಕ್ಕ ಅದನ್ನ ಬಾಯಿಬಿಟ್ಟು ಅನ್ನಲಿಲ್ಲ. ಅನ್ನೂದು ಏನೈತಿ ಅದರಾಗ. ಜೀಪು ಶುಭ, ಜೀಪು ನಡಸಾಕಿ ಅಶುಭ. ಮೂರು ದಿವಸ ವಿಚಾರ ಮಾಡಿದೆ, ಫೋನಿನ್ಯಾಗ ಹೇಳಿದ್ರ ಜಗಳ ಆಗ್ತೈತಿ, ಬರದ ಹೇಳೂಣು ಅಂತ ಕುಂತೀನಿ. ಅಕ್ಕ ಒಬ್ಬಾಕೀಗೆ ಅಲ್ಲ. ಈ ಗಾಡಿ ಬಂದಾಗಿನಿಂದ ಹಾನಗಲ್ಲಿನ ತವರಮನಿಯವರು, ಶಿಗ್ಗಾಂವಿಯ ನೆಗೆಣ್ಣಿ, ನಮ್ಮ ಓಣಿಯವರು, ಎಲ್ಲಾರೂ ಒಂದೊಂದು ಮಾತು ಆಡೀರಿ. ಎಲ್ಲಾರಿಗೂ ಕೂಡೇ ಉತ್ತರ ಕೊಡ್ತೀನಿ.

ನಾವು ಧರ್ಮಸ್ಥಳಕ್ಕ ಹೋಗಿದ್ದು ನೆನಪೈತಲ್ಲ, ಹದಿನಾರು ಮಂದಿ ಹೆಣ್ಮಕ್ಕಳು ಟೆಂಪೋ ಮಾಡಿಕೊಂಡು? ದರ್ಶನ, ಊಟ ಆದ ಮ್ಯಾಲ ಅಲ್ಲಿ ಹಳೇ ಕಾರಿನ ಮ್ಯೂಸಿಯಂ ನೋಡಾಕ ಹೋದ್ವಿ. ಒಳಗ ಕಾಲಿಡೂದ್ರೊಳಗ "ಇದೇನು ಗಂಡಸರ ಆಟಕಿ" ಅಂತ ಒಬ್ಬಾಕಿ ಅಂದ್ಲು, ಯಾರಂತ ಹೇಳಂಗಿಲ್ಲ. ಆದ್ರ ಮ್ಯಾಲ ಮುಚ್ಚಿಗಿ ಇಲ್ಲದ ಉದ್ದನ್ನ ಕಾರಿನ ಮುಂದ ನಾವು ನಿಂತಷ್ಟು ಹೊತ್ತು ಬಂಗಾರದ ಅಂಗಡ್ಯಾಗೂ ನಿಂತಿಲ್ಲ. ಹಿತ್ತಾಳಿ ದೀಪ, ಕಟಿಗಿ ಸ್ಟೇರಿಂಗು, ದಿವಾನದಂಥಾ ಚರ್ಮದ ಸೀಟು. ಹಂಥಾ ಕಾರಿಗೆ ಟೂರಿಂಗ್ ಕಾರು ಅಂತಾರ. ನಾಕೈದು ಮಂದಿ ಕೂಡ್ರೂವಂಥಾದ್ದು, ಗಿಡ್ಡ ಬಾಗಿಲು, ಬಾಜೂಕ ಗಾಜು ಇಲ್ಲ, ಹಿಂದ ಮಡಚಿ ಇಡೂ ಬಟ್ಟಿ ಹುಡ್. ಮಳಿ ಬಂದ್ರ ಹುಡ್ ಎಳದು ಬಾಜೂಕ ಪರದೆ ಗುಂಡಿ ಹಾಕೂದು. ಕಾರು ಹುಟ್ಟಿದ ಹೊಸದರಾಗ ಬಹುತೇಕ ಎಲ್ಲಾ ಕಾರೂ ಹಿಂಗ ಇದ್ದು. ಅಮೆರಿಕದ ಫೋರ್ಡ್ ಕಂಪನಿ 1908ರಿಂದ 1927ರ ತನಕ ಒಂದೂವರಿ ಕೋಟಿ ಮಾಡೆಲ್ ಟಿ ಕಾರು ಮಾಡ್ತು, ಅದರಾಗ ಟೂರಿಂಗ್ ಅನ್ನೂದು ದೊಡ್ಡ ಪಾಲು. 1920ರ ದಶಕದಾಗ ಗಾಜು, ತಗಡಿನ ಮ್ಯಾಲಮುಚ್ಚಿಗಿ ಇರೂ ಕಾರು ಅಗ್ಗ ಆಗ್ತ ಬಂದ್ವು, ತೆರೆದ ಕಾರಿನ ಕಾಲ ಮುಗೀತು. ಮಳ್ಯಾಗ ತೊಯ್ಸಿಕೊಳ್ಳಾಕ ಯಾರಿಗೆ ಬೇಕಾಗಿತ್ತು? ಆಗ ಬ್ಯಾಡ ಆದದ್ದ ಈಗ ಕೋಟಿ ಬಾಳ್ತೈತಿ. ಮನಿಷಾನ ಬುದ್ಧಿ.

ಹಂಥಾ ಕಾರು ನಮಗ್ಯಾರಿಗೂ ಎಟಕೂದಲ್ಲ, ನಾ ಕೇಳೂದೂ ಇಲ್ಲ. ಆದ್ರ ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಸೀಮ್ಯಾಗ ಟೂರಿಂಗ್ ಕಾರು ಅಂದ್ರ ಯಾವುದು? ಹುಡ್ ಜೀಪು. ಗೌಡರ ಮನಿ ಮುಂದ, ಸೊಸೈಟಿ ಮುಂದ, ಇಲೆಕ್ಷನ್ ಪ್ರಚಾರಕ್ಕ, ಬಾಣಂತೀನ್ನ ದವಾಖಾನಿಗೆ ಒಯ್ಯಾಕ, ಎಲ್ಲಾದಕ್ಕೂ ಅದ. ಮಹೀಂದ್ರಾದವರು 1947ರಾಗ ವಿಲ್ಲಿಸ್ ಜೀಪು ಜೋಡಿಸಾಕ ಶುರು ಮಾಡಿದ್ರು, ಆಮ್ಯಾಲ ಇಲ್ಲೇ ಮಾಡಾಕ ಹತ್ತಿದ್ರು. ನಮ್ಮ ಅಪ್ಪಂದು 1966ರದು, ಎತ್ತರ ಬಾನೆಟ್ಟಿಂದು, ಸಿಜೆ-3ಬಿ ಅಂತಾರ. ನಂಬರು ಇನ್ನೂ ಎಂ.ವೈ. ಅಂತ ಶುರು ಆಗ್ತೈತಿ, ಮೈಸೂರು ರಾಜ್ಯ ಇದ್ದಾಗಿನದು.

ಆ ಜೀಪಿನ್ಯಾಗ ನಾವು ಹೆಣ್ಮಕ್ಕಳು ಎಲ್ಲಿ ಕೂಡ್ರತಿದ್ವಿ, ನೆನಪ ಮಾಡಿಕೋರಿ. ಮುಂದ ಅಪ್ಪ, ಕಾಕಾ, ಮತ್ತ ಯಾರರೆ ಗಂಡಸು ಬಂದ್ರ ಅವರು. ಹಿಂದ ಎದುರು ಬದರು ಎರಡು ಬೆಂಚು, ಅದರ ಮ್ಯಾಲ ಅವ್ವ, ದೊಡ್ಡವ್ವ, ನಾವು ಆರು ಹುಡುಗ್ಯಾರು, ನಡುವ ಬುತ್ತಿ ಗಂಟು. ಗಂಡಸರಿಗೆ ಗಾಳಿ ಬೇಕಂತ ಮುಂದಿನ ಪರದೆ ಬಿಚ್ಚತಿದ್ರು. ಹೆಂಗಸರು ಕಾಣತಾರಂತ ಬಾಜೂಕಿನ ಪರದೆ ಕಟ್ಟತಿದ್ರು. ಹಿಂದಿಂದ ಒಂದ ತೆರೆದಿರತಿತ್ತು, ಅಲ್ಲಿಂದ ಧೂಳು ಒಳಗ ಬರತಿತ್ತು. ಪೆಟ್ರೋಲ್ ವಾಸನಿ, ಸಣ್ಣವರ ವಾಂತಿ. ತಿಳವಳ್ಳಿ ದಾಟಿ ಮಾವಿನ ತೋಪು ಬಂತು, ಕೆರಿ ಬಂತು ಅಂತ ಮುಂದಿನವರು ಹೇಳ್ಯಾಡತಿದ್ರು. ನಮಗ ಕಂಡದ್ದು ಬರೇ ಹಿಂದ ಹೋಗೂ ದಾರಿ. ಎಲ್ಲಾ ದಾಟಿ ಹೋದ ಮ್ಯಾಲ ಕಾಣತಿತ್ತು, ಅದೂ ಸಣ್ಣದಾಗಿ.

ಈಗ ಹೇಳ್ರಿ, ತೆರೆದ ಗಾಡಿ ಚಂದ ಯಾಕ ಅನಸ್ತೈತಿ? ವೇಗಕ್ಕಲ್ಲ, ನನ್ನ ಜೀಪು ಐವತ್ತರ ಮ್ಯಾಲ ಹೋದ್ರ ಹಲ್ಲು ಅಲಗ್ಯಾಡತಾವ. ಸೌಖ್ಯಕ್ಕೂ ಅಲ್ಲ. ಅದರಾಗ ಕುಂತವರು ಎಲ್ಲಾನೂ ನೋಡತಾರ, ಎಲ್ಲಾರಿಗೂ ಕಾಣತಾರ, ಅದಕ್ಕ ಚಂದ. ಹೊಲದಾಗ ಕಳೆ ತಗಿಯಾಕಿ ತಲಿ ಎತ್ತಿ ನೋಡಿದ್ರ ಅಕಿ ಮಾರಿ ನನಗ ಕಾಣತೈತಿ, ನನ್ನ ಮಾರಿ ಅಕಿಗೆ. ಏಸಿ ಕಾರಿನ್ಯಾಗ ಗಾಜು ಏರಿಸಿಕೊಂಡು ಹ್ವಾದ್ರ ಅಕಿ ಯಾರೋ, ನಾ ಯಾರೋ. ರಾಜಕಾರಣದವರು ಓಟು ಕೇಳಾಕ ಬರೂ ಮುಂದ ತೆರೆದ ಜೀಪ ಯಾಕ ಹತ್ತತಾರ, ಮದುಮಗನ್ನ ತೆರೆದ ಗಾಡ್ಯಾಗ ಯಾಕ ಕೂಡ್ರಸತಾರ, ವಿಚಾರ ಮಾಡ್ರಿ. ಕಾಣೂದು ಅನ್ನೂದು ಒಂದು ಮರ್ಯಾದಿ. ಆ ಮರ್ಯಾದಿ ಗಂಡಸರಿಗೆ ಇದ್ರ ದೌಲತ್ತು, ಹೆಂಗಸಿಗೆ ಇದ್ರ ಶೋಕಿ ಅಂತ ನಾವ ಕಲಿತೀವಿ, ನಾವ ಕಲಿಸೀವಿ. ನನಗ ಸಿಟ್ಟು ಬಂದದ್ದು ಇಲ್ಲಿ.

ರೊಕ್ಕದ ಮಾತು. ಅಪ್ಪ ಹ್ವಾದ ಮ್ಯಾಲ ಜೀಪು ದನದ ಕೊಟ್ಟಿಗ್ಯಾಗ ಇಪ್ಪತ್ತು ವರ್ಷ ನಿಂತಿತ್ತು, ಸೀಟಿನ ಮ್ಯಾಲ ಕೋಳಿ ತತ್ತಿ ಇಡತಿದ್ದು. ತಮ್ಮ ಗುಜರಿಯವಗ ಕಿಲೋ ಲೆಕ್ಕದಾಗ ಮಾರಾಕ ನಿಂತಿದ್ದ. ಅದ ರೇಟು ನಾ ಕೊಟ್ಟು ತಗೊಂಡೆ. ಸರಿ ಮಾಡಸಾಕ ಹದಿನಾಕು ತಿಂಗಳು ಹಿಡೀತು, ಎಲ್ಲಾ ಕೂಡಿ ಮೂರು ಲಕ್ಷದ ಮ್ಯಾಲ ಆತು. "ಮೂರು ಲಕ್ಷ! ಬಂಗಾರ ತಗೊಂಡಿದ್ರ?" ಅಂದ್ರಿ. ತಗೊಂಡಿದ್ರ ಬ್ಯಾಂಕಿನ ಲಾಕರಿನ್ಯಾಗ ಇರತಿತ್ತು. ಗಂಡ ಇಲ್ಲದಾಕಿ ಬಂಗಾರ ಹಾಕ್ಕೊಂಡ್ರೂ ನೀವು ಮಾತಾಡೂವರ.

ಮತ್ತ ಆ ರೊಕ್ಕ ಯಾರದು? ಬೀಜದ ಹೊಲದ ಕೆಲಸ ಏನಂತ ಹಿರೇಕೆರೂರು ಕಡೆಯವರಿಗೆ ಗೊತ್ತು, ಉಳಿದವರಿಗೆ ಹೇಳ್ತೀನಿ. ಹೈಬ್ರಿಡ್ ಹತ್ತಿ ಬೀಜ ತಾನಾಗೇ ಆಗೂದಿಲ್ಲ. ನಾಳೆ ಅರಳೂ ಮೊಗ್ಗು ಇವತ್ತು ಸಂಜೀಕ ಹುಡುಕಿ, ಉಗುರಿನಿಂದ ಸೀಳಿ, ಒಳಗಿನ ಗಂಡು ಕೇಸರ ತಗದು ಬಿಡಬೇಕು. ಮರುದಿನ ಮುಂಜಾನೆ ಬ್ಯಾರೆ ಸಾಲಿನ ಗಂಡು ಹೂವು ತಂದು ಒಂದೊಂದಕ್ಕೂ ಮುಟ್ಟಿಸಬೇಕು. ಒಂದು ಮೊಗ್ಗು ತಪ್ಪಿದ್ರ ಬೀಜ ಕೆಟ್ಟಂಗ. ಧಾರವಾಡದಾಗ 1972ರಾಗ ವರಲಕ್ಷ್ಮಿ ಹತ್ತಿ ಬಂದಾಗಿನಿಂದ ಈ ಕೆಲಸ ಹೆಂಗಸರ ಬೆರಳಿನಿಂದ ನಡದೈತಿ. ನಾ ಇಪ್ಪತ್ತೆರಡು ವರ್ಷ ಮಾಡೀನಿ, ಮೊದಲ ಮಂದಿ ಹೊಲದಾಗ, ಆಮ್ಯಾಲ ನಮ್ಮದರಾಗ. ಆ ರೊಕ್ಕದಾಗ ಮಗನ್ನ ಓದಿಸೀನಿ, ಮನಿ ಮ್ಯಾಲ ಆರ್‌ಸಿಸಿ ಹಾಕಿಸೀನಿ, ಸಾಲ ಒಂದು ರೂಪಾಯಿ ಇಲ್ಲ. ಉಳಿದದ್ದು ಜೀಪಿಗೆ ಹೋತು. ಯಾರ ಮುಂದೂ ಕೈ ಚಾಚಿಲ್ಲ.

ನಮ್ಮ ಮನಿಗಳಾಗ ಕೊಬ್ಬರಿ ಹೋರಿ ಕಟ್ಟಿದವರು ಎಷ್ಟು ಮಂದಿ ಇಲ್ಲ? ಲಕ್ಷ ಲಕ್ಷ ಕೊಟ್ಟು ಹೋರಿ ತರತಾರ, ಹುರಳಿ, ಹತ್ತಿಕಾಳು, ತತ್ತಿ ತಿನಸತಾರ, ದೀಪಾವಳಿ ಆದ ಮ್ಯಾಲ ಊರೂರು ಹೊತ್ತು ತಿರಗತಾರ, ಬಲೂನು, ಜೂಲು, ಕೊಬ್ಬರಿ ಸರ, ಹೋರಿ ಹೆಸರಿನ ಬ್ಯಾನರು, ಹುಡುಗರ ಟೀ ಶರ್ಟು. ಅದು ಹೊಲ ಊಳೂದಿಲ್ಲ. ನಾ ಬೈಯಾಕತ್ತಿಲ್ಲ, ನಮ್ಮ ಮಾವನೂ ಕಟ್ಟಿದ್ದ, ಹೋರಿ ಸತ್ತಾಗ ಮೂರು ದಿವಸ ಊಟ ಬಿಟ್ಟಿದ್ದ, ಅದರ ಪ್ರೀತಿ ನನಗ ಗೊತ್ತು. ಆದ್ರ ಅದಕ್ಕ "ಏನು ಉಪಯೋಗ" ಅಂತ ಒಬ್ಬಾಕಿನೂ ಕೇಳಿದ್ದು ನಾ ಕೇಳಿಲ್ಲ. ಊರ ಹೆಸರು, ಮನಿತನದ ಹೆಸರು ಅಂತೀರಿ. ನನ್ನ ಜೀಪು ನಿಂತಾಗ ಮೇವು ಕೇಳೂದಿಲ್ಲ.

ಇನ್ನ "ಹದಿನೈದು ವರ್ಷ ಆದ ಗಾಡಿ ಸರಕಾರದವರು ಒಯ್ದು ಮುರೀತಾರ" ಅಂತ ನೆಗೆಣ್ಣಿ ಹೇಳಿದ್ದು. ಅಲ್ಲವಾ. 2023ರ ಏಪ್ರಿಲ್‌ದಿಂದ ಮುರಿಯಾಕತ್ತಿದ್ದು ಸರಕಾರದ್ದ ಸ್ವಂತ ಹಳೇ ಗಾಡಿ. ದಿಲ್ಲಿಯಾಗ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿ ಬಗ್ಗೆ ಬ್ಯಾರೆ ತಕರಾರು ಐತಿ, ಅದು ದಿಲ್ಲಿಗೆ. ನಮ್ಮಲ್ಲಿ ಸ್ವಂತದ ಗಾಡಿ ಹದಿನೈದು ವರ್ಷ ದಾಟಿದ್ರ ಫಿಟ್ನೆಸ್ ತೋರಿಸಿ ಐದೈದು ವರ್ಷಕ್ಕ ನೋಂದಣಿ ಹೊಸಾದು ಮಾಡಿಸಿಕೋಬೇಕು, ಅಷ್ಟ.

ಐವತ್ತು ವರ್ಷ ದಾಟಿದ ಗಾಡಿಗೆ 2021ರ ಜುಲೈದಾಗ ಕೇಂದ್ರ ಸರಕಾರ ಬ್ಯಾರೆ ನಿಯಮಾನ ಮಾಡೈತಿ. ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು, ನಂಬರಿನ್ಯಾಗ ವಿ.ಎ. ಅಂತ ಬರತೈತಿ, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೀತೈತಿ, ಆಮ್ಯಾಲ ಮತ್ತ ಮಾಡಸಾಕ 5,000. ಚಾಸಿ, ಬಾಡಿ, ಎಂಜಿನ್ ಮೂಲದ್ದ ಇರಬೇಕು. ಹುಬ್ಬಳ್ಳಿ ಮಿಸ್ತ್ರಿಯೊಬ್ಬಂವ "ಡೀಸೆಲ್ ಎಂಜಿನ್ ಕೂಡ್ರಿಸಿ ಕೊಡ್ತೀನಿ ಅಕ್ಕಾರ, ಮೈಲೇಜ್ ಬರತೈತಿ" ಅಂತ ಗಂಟು ಬಿದ್ದಿದ್ದ. ಅಂವನ ಮಾತು ಕೇಳಿದ್ರ ಆ ಬಾಗಿಲು ಮುಚ್ಚತಿತ್ತು. ನಿಮ್ಮ ಮನ್ಯಾಗೂ ಹಳೇ ಜೀಪು, ಹಳೇ ಸ್ಕೂಟರು ಇದ್ರ ಇದನ್ನ ನೆನಪಿಡ್ರಿ, ಎರಡು ಗಾಲಿಗೂ ಈ ನಿಯಮ ಐತಿ.

ಆದ್ರ ನಾ ಆ ವಿ.ಎ. ನಂಬರು ತಗೊಂಡಿಲ್ಲ, ತಗೊಳ್ಳೂದಿಲ್ಲ. ಯಾಕಂದ್ರ ಹಂಗ ನೋಂದಣಿ ಆದ ಗಾಡಿ ದಿನಾ ರೋಡಿಗೆ ತರೂಹಂಗಿಲ್ಲ. ಪ್ರದರ್ಶನಕ್ಕ, ರ‍್ಯಾಲಿಗೆ, ಎಣ್ಣಿ ಹಾಕಿಸಾಕ, ರಿಪೇರಿಗೆ, ಅಷ್ಟಕ್ಕ. ಬಾಡಿಗಿ ಹೊಡಿಯೂದಂತೂ ಇಲ್ಲೇ ಇಲ್ಲ. ಮರ್ಯಾದಿ ಕೊಟ್ಟು ಮೂಲ್ಯಾಗ ಕೂಡ್ರಸೂದು ಅಂದ್ರ ಇದ. ಮನ್ಯಾಗ ನಮಗ ಕೊಡೂ ಮರ್ಯಾದಿನೂ ಇಂಥಾದ್ದ ಅಲ್ಲೇನ್ರಿ, ಹಿರೇಳು, ಕುಂತಿರ್ಲಿ, ಹೊರಗ ಬರೂದು ಬ್ಯಾಡ. ಮ್ಯೂಸಿಯಂದವರು ಇಡ್ಲಿ, ಅವರು ಇಟ್ಟದ್ದಕ್ಕ ನಮ್ಮಂಥವರು ನೋಡೂಹಂಗಾತು. ಧರ್ಮಸ್ಥಳದವರು ಶ್ರೀರಂಗಪಟ್ಟಣದ ಹತ್ರ ಪಯಣ ಅಂತ ಇನ್ನೊಂದು ಮ್ಯೂಸಿಯಂನೂ ಮಾಡ್ಯಾರ, ಮೈಸೂರಿಗೆ ಹೋಗೂವರು ಇಳದು ನೋಡ್ರಿ. ಆದ್ರ ನನ್ನ ಗಾಡಿ ಸಂತಿಗೆ ಹೋಗಬೇಕು, ಹೊಲಕ್ಕ ಹೋಗಬೇಕು, ಕೆಸರು ಹತ್ತಬೇಕು.

ಸರಿ ಮಾಡಸಿದ ಕಥಿ ಭಾಳ ಮಂದಿ ಕೇಳೀರಿ, ಅದಕ್ಕ ಹೇಳ್ತೀನಿ. ಎಂಜಿನ್ ಜಾಮ್ ಆಗಿತ್ತು. ಪ್ಲಗ್ ತಗದು ಆ ತೂತಿನ್ಯಾಗ ಡೀಸೆಲ್ ಹಾಕಿ ಎಂಟು ದಿವಸ ಬಿಟ್ವಿ, ಒಂಬತ್ತನೇ ದಿನ ಹ್ಯಾಂಡಲ್ ಹಾಕಿದ್ರ ಒಂದು ಬೆರಳು ಅಲಗಾಡ್ತು. ಮಿಸ್ತ್ರಿಕಿಂತ ನಾನ ಹೆಚ್ಚು ಕೂಗಿದೆ. ವೈರಿಂಗ್ ಎಲ್ಲಾ ಇಲಿ ತಿಂದಿದ್ವು. ಪೆಟ್ರೋಲ್ ಟಾಕಿ ಡ್ರೈವರ್ ಸೀಟಿನ ಕೆಳಗ ಇರತೈತಿ, ಅದರಾಗ ಕಡಿ ಹಾಕಿ ತೊಟ್ಟಲದಂಗ ತೂಗಿ ತುಕ್ಕು ತಗದ್ವಿ. ತಳದ ತಗಡು ಕಾಲಿಟ್ಟಲ್ಲಿ ತೂತು, ಅದನ್ನ ಕೊರದು ಹೊಸ ತಗಡು ಬೆಸಿಗಿ ಹಾಕಿದ್ರು. ರಬ್ಬರ್ ಪೈಪು ಎಲ್ಲಾ ಬದಲಿ ಮಾಡಸಬೇಕಾತು, ಈಗಿನ ಪೆಟ್ರೋಲಿನ್ಯಾಗ 20 ಪರ್ಸೆಂಟ್ ಎಥೆನಾಲ್ ಇರತೈತಿ, ಹಳೇ ರಬ್ಬರ್ ಅದಕ್ಕ ತಡಿಯೂದಿಲ್ಲ. ಎಥೆನಾಲ್ ಗೋವಿನಜೋಳದಿಂದನೂ ಮಾಡತಾರ. ನಾವು ಬೆಳದ ಕಾಳ ವಾಪಸ್ ಬಂದು ನನ್ನ ಜೀಪು ತಿನ್ನೂಹಂಗಾತು ನೋಡ್ರಿ. ಸೀಟಿನ ಕವರು ನಾನ ಹೊಲದೆ. ಹುಡ್ ಹೊಲಿಯಾಕ ಕುಂತು ಮಷೀನಿನ ಸೂಜಿ ಆರು ಮುರದೆ, ಆಮ್ಯಾಲ ಲಾರಿ ತಾಡಪತ್ರಿ ಹೊಲಿಯೂವನ ಹತ್ರ ಕೊಟ್ಟೆ. ಬಣ್ಣ ಅಪ್ಪನ ಕಾಲದ ಹಸರ. ಮಿಸ್ತ್ರಿಯ ಹುಡುಗ ಕೆಂಪು ಹೊಡದು, ಅಗಲ ಟೈರು, ನೀಲಿ ಲೈಟು, ಬಾಯಿ ದೊಡ್ಡ ಹಾರ್ನು ಹಾಕೂಣು ಅಂದ. ರೀಲ್ಸ್ ಮಾಡೂವರು ಹಂಗ ಮಾಡಿಕೊಳ್ಳಲಿ, ಅದು ಹಳೇ ಗಾಡಿ ಉಳಸೂದಲ್ಲ, ಅಜ್ಜಿಗೆ ಲಿಪ್‌ಸ್ಟಿಕ್ ಹಚ್ಚೂದು. ಮುಂದಿನ ಎರಡು ಸೀಟಿಗೆ ಬೆಲ್ಟ್ ಮಾತ್ರ ಹೊಸಾದು ಹಾಕಿಸೀನಿ, ಜೀವದ ವಿಷಯದಾಗ ಹಳೇದು ಹೊಸದು ಇಲ್ಲ.

ಸುಳ್ಳು ಹೇಳೂದಿಲ್ಲ, ತ್ರಾಸೂ ಭಾಳ ಐತಿ. ಲೀಟರಿಗೆ ಎಂಟು ಕಿಲೋಮೀಟರ್ ಕೊಟ್ರ ಪುಣ್ಯ. ಒಂದನೇ ಗೇರಿಗೆ ಹಾಕಬೇಕಂದ್ರ ಗಾಡಿ ಪೂರಾ ನಿಲ್ಲಸಬೇಕು, ಇಲ್ಲಾಂದ್ರ ಗಿರಣಿ ಕಲ್ಲು ತಿಕ್ಕಿದಂಗ ಸಪ್ಪಳ. ಸ್ಟೇರಿಂಗ್ ತಿರಗಿಸಿ ರಟ್ಟಿ ನೋಯತಾವ. ಹಾನಗಲ್ಲ ಕಡೆ ಆಷಾಢದಾಗ ಜಡಿಮಳಿ ಹಿಡೀತಂದ್ರ ಪರದೆ ಹಾಕಿದ್ರೂ ತೊಡಿ ಮ್ಯಾಲ ನೀರು ಸೋರತೈತಿ. ಬ್ಯಾಸಗ್ಯಾಗ ಮಾರಿ ಕರ್ರಗ ಆಗತೈತಿ, ಸೆರಗು ಹಾರತೈತಿ, ಬಾಯಾಗ ಹುಳ ಹೋಗತಾವ. ಮೊನ್ನಿ ಬಂಕಾಪುರದ ಹತ್ರ ಕೈಕೊಟ್ಟು ಎರಡು ತಾಸು ರೋಡಿನ ಮ್ಯಾಲ ಕುಂತೆ. ನಿಂತ ಗಾಡಿ ನೋಡಾಕ ಬಂದವರೆಲ್ಲಾ "ನಮ್ಮಪ್ಪಂದೂ ಒಂದಿತ್ತು" ಅಂತ ಕಥಿ ಹೇಳಿದ್ರು, ಒಬ್ಬ ಮುದುಕ ಕಾರ್ಬೊರೇಟರ್ ಊದಿ ಚಾಲೂ ಮಾಡಿ ಕೊಟ್ಟು ಚಾದ ರೊಕ್ಕನೂ ತಗೊಳ್ಳಲಿಲ್ಲ. ಹೊಸ ಕಾರು ಕೆಟ್ಟು ನಿಂತ್ರ ಯಾರೂ ಹತ್ರ ಬರೂದಿಲ್ಲ, ಟೋಯಿಂಗ್‌ದವನ ನಂಬರು ಕೊಟ್ಟು ಹೋಗತಾರ.

"ಹೆಂಗಸರಿಗೆ ಹಂಥಾ ಗಾಡಿ ಯಾಕ" ಅಂದ್ರಲ್ಲ, ಒಂದು ಕಥಿ ಕೇಳ್ರಿ, ಖರೇ ನಡದದ್ದು. 1909ರಾಗ ಅಮೆರಿಕದಾಗ ಆಲಿಸ್ ರಾಮ್ಸೆ ಅಂತ ಇಪ್ಪತ್ತೆರಡು ವರ್ಷದ ಗೃಹಿಣಿ. ಸಣ್ಣ ಮಗ ಇದ್ದ. ಮ್ಯಾಕ್ಸ್‌ವೆಲ್ ಕಂಪನಿ ಟೂರಿಂಗ್ ಕಾರು ತಗೊಂಡು ಜೂನ್ 9ಕ್ಕ ನ್ಯೂಯಾರ್ಕ್ ಬಿಟ್ಲು, ಆಗಸ್ಟ್ 7ಕ್ಕ ಆ ಕಡೆ ದಂಡಿ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿದ್ಲು. 59 ದಿವಸ, 3,800 ಮೈಲಿ, ಅಂದ್ರ ಆರು ಸಾವಿರ ಕಿಲೋಮೀಟರ್. ಡಾಂಬರು ರೋಡು ಸಿಕ್ಕಿದ್ದು ಬಹಳ ಕಡಿಮಿ, ಉಳಿದದ್ದು ಚಕ್ಕಡಿ ದಾರಿ, ಕೆಸರು. ಹನ್ನೊಂದು ಸಲ ಟೈರು ಬದಲಿ ಮಾಡಿದ್ಲು. ಜೋಡಿ ಯಾರು ಗೊತ್ತೇನು? ಇಬ್ಬರು ನಾದಿನಿಯರು, ಒಬ್ಬ ಗೆಳತಿ. ಅವರಿಗ್ಯಾರಿಗೂ ಗಾಡಿ ನಡಸಾಕ ಬರತಿರಲಿಲ್ಲ. ನಾದಿನಿಯರ ಜೋಡಿ ಎರಡು ತಿಂಗಳು ಒಂದ ಗಾಡ್ಯಾಗ! ಕಾರು ಕಂಪನಿಯವರು ತಮ್ಮ ಪ್ರಚಾರಕ್ಕ ಖರ್ಚು ಕೊಟ್ಟಿದ್ರು, ಅದೂ ಖರೇ, ಪುಕ್ಕಟ ಹೋಗಲಿಲ್ಲ. ಆದ್ರ ಸ್ಟೇರಿಂಗ್ ಹಿಡದದ್ದು ಅಕಿನ. ಅದಕ್ಕೂ ಮೊದಲು, 1888ರಾಗ, ಜರ್ಮನಿಯ ಬೆರ್ತಾ ಬೆಂಜ್ ಗಂಡ ಕಟ್ಟಿದ ಮೋಟಾರು ಗಾಡಿ ಗಂಡಗ ಹೇಳದ ತಗೊಂಡು ಇಬ್ಬರು ಮಕ್ಕಳನ್ನ ಕೂಡ್ರಿಸಿಕೊಂಡು ನೂರು ಕಿಲೋಮೀಟರ್ ದೂರದ ತವರಮನಿಗೆ ಹೋಗಿದ್ಲು. ಎಣ್ಣಿ ನಳಿಗಿ ಕಟ್ಟಿಕೊಂಡಾಗ ಟೊಪ್ಪಿಗಿ ಪಿನ್ನಿನಿಂದ ಚುಚ್ಚಿ ತಗದ್ಲು. ಆ ಗಾಡಿ ಕಟ್ಟೂ ಧಂಧೆಗೆ ಮೊದಲು ರೊಕ್ಕ ಹಾಕಿದ್ದೂ ಅಕಿ ತವರಿನವರು ಕೊಟ್ಟದ್ದರಾಗ. ಗಂಡಸರ ಆಟಕಿ ಅನ್ನೂಕಿನ್ನ ಮೊದಲ ಇದನ್ನ ನೆನಸ್ರಿ.

ಅವ್ವನ ಮಾತು ಹೇಳಿ ಅಕ್ಕನ ಕಡೆ ಬರ್ತೀನಿ. ಹೋದ ದಸರಾಕ್ಕ ಹಾನಗಲ್ಲಿಗೆ ಹೋಗಿ ಅವ್ವನ್ನ ಜೀಪಿನ್ಯಾಗ ಕೂಡ್ರಿಸಿದೆ. ಎಂಬತ್ತೆರಡು ವರ್ಷ. ಮೊದಲ ಹಿಂದ ಹೋಗಿ ಬೆಂಚು ಹಿಡಕೊಂಡು ಹತ್ತಾಕ ನಿಂತ್ಲು, ರೂಢಿ ಹಂಗ. "ಮುಂದ ಬಾರಬೇ" ಅಂದೆ. ಆ ಜೀಪಿನ್ಯಾಗ ಮೂವತ್ತು ವರ್ಷ ತಿರಗ್ಯಾಡ್ಯಾಳ, ಮುಂದ ಒಂದ ಸಲನೂ ಕುಂತಿರಲಿಲ್ಲ. ಹುಡ್ ಬಿಚ್ಚಿತ್ತು. ಆನೆಕೆರಿ ಬಾಜೂಕ ಹಾದು ಊರು ಬಿಟ್ವಿ, ಭತ್ತ ತೆನಿ ಹಿಡದಿತ್ತು. ಸೆರಗು ತಲಿ ಮ್ಯಾಲಿಂದ ಜಾರಿತು, ಎರಡು ಸಲ ಎಳಕೊಂಡ್ಲು, ಮೂರನೇ ಸಲ ಬಿಟ್ಟುಬಿಟ್ಲು. ಭಾಳ ಹೊತ್ತು ಮಾತಾಡಲಿಲ್ಲ. ಅವ್ವನ ತವರ ಊರಿನ ದಾರಿ ಅದು, ಆರವತ್ತು ವರ್ಷ ಹೋಗಿ ಬಂದ ದಾರಿ. ಹಳ್ಳದ ಇಳಕಲು ಬಂದಾಗ "ಇದು ಯಾವ ಊರಿನ ದಾರಿಲೇ?" ಅಂತ ಕೇಳಿದ್ಲು. ನಾ ಮೊದಲು ಮರವು ಅಂದ್ಕೊಂಡೆ. ಮರವಲ್ಲ, ಮುಂದಿಂದ ನೋಡಿರಲಿಲ್ಲ, ಅಷ್ಟ.

ಅವ್ವನೂ ಗಂಡ ಇಲ್ಲದಾಕಿನ. ಶಿಗ್ಗಾಂವಿಯ ಹುಡುಗರನ್ನ ಗೊಟಗೋಡಿಯ ರಾಕ್ ಗಾರ್ಡನ್ನಿಗೆ ಕರಕೊಂಡು ಹ್ವಾದಾಗ, ಮಂಗಳವಾರ ಸೊಪ್ಪು, ಬೆಂಡಿಕಾಯಿ ಹೇರಿಕೊಂಡು ಸಂತಿಗೆ ಹ್ವಾದಾಗ, ನಮ್ಮ ಓಣಿಯ ಬಸುರಿ ಹುಡುಗೀನ್ನ ರಾತ್ರಿ ಎರಡಕ್ಕ ದವಾಖಾನಿಗೆ ಒಯ್ದಾಗ ನಾ ಅಶುಭ ಆಗಲಿಲ್ಲ. ಆ ಹುಡುಗಿ ಕೂಸು ಹುಟ್ಟಿದ ಹನ್ನೆರಡನೇ ದಿನ ಜೀಪಿನ ಬಾನೆಟ್ಟಿಗೆ ಕುಂಕುಮ ಹಚ್ಚಿ ಹೋದ್ಲು. ಮದುಮಗನ ಮುಂದ ಮಾತ್ರ ಅಶುಭ. ಅಕ್ಕಾ, ನಿನ್ನ ಮಗಳಿಗೆ ಸೈಕಲ್ ಕಲಿಸಿದಾಕಿ ನಾನು. ಅಕಿ ಎಂಜಿನಿಯರಿಂಗ್ ಫೀ ಕಡಿಮಿ ಬಿದ್ದ ವರ್ಷ ಬೀಜದ ರೊಕ್ಕ ತಂದು ಕೊಟ್ಟಾಕಿ ನಾನು, ಆ ರೊಕ್ಕಕ್ಕೂ ಗಂಡ ಇದ್ದನೋ ಇಲ್ಲೋ ಅಂತ ನೀ ಕೇಳಲಿಲ್ಲ. ಬೀಗರು ಏನಂದಾರು ಅಂತೀ. ಬೀಗರು ಇನ್ನೂ ಏನೂ ಅಂದಿಲ್ಲ, ಅಂದದ್ದು ನೀನ. ನಾ ಅವರ ಮನಿಯ ಹಿರೇ ಹೆಣ್ಮಗಳಿಗೆ ಫೋನ್ ಮಾಡಿ ಕೇಳಬೇಕಂತ ಮಾಡಿದ್ದೆ, ನಿನ್ನ ಮಾರಿ ನೋಡಿ ಬಿಟ್ಟೆ. ನೀನ ಕೇಳು. ಹುಡುಗೀನ್ನೂ ಕೇಳು, ಲಗ್ನ ಅಕಿದು.

ಇನ್ನ ವ್ಯವಹಾರದ ಮಾತು. ಕೀಲಿ ಮಂದಿ ಹುಡುಗರ ಕೈಯಾಗ ನಾ ಕೊಡೂದಿಲ್ಲ. ಸಿಟ್ಟಿಗಲ್ಲ, ಆ ಮೂರು ಗೇರಿನ ಗಾಡಿ ಅವರಿಗೆ ಬರೂದಿಲ್ಲ, ಡಬ್ಬಣ ಸೀಳಿದಂಗ ಗೇರು ಹಾಕಿ ಮುರದು ಇಟ್ರ ಹಲ್ಲಿನ ಗಾಲಿ ನಾ ಎಲ್ಲಿಂದ ತರಲಿ. ಜೀಪು ಬಂದ್ರ ನಾ ನಡಸ್ತೀನಿ, ಮದುಮಗ ಹಿಂದ ಎತ್ತರದಾಗ ನಿಂದರ್ಲಿ, ಎಲ್ಲಾರಿಗೂ ಕಾಣಲಿ, ಬಾಜೂಕಿನ ಸೀಟಿನ್ಯಾಗ ಅವ್ವ ಕೂಡ್ರತಾಳ. ನಾನೂ ಅವ್ವನೂ ಬ್ಯಾಡ ಅಂದ್ರ ಸವಣೂರಿನ್ಯಾಗ ಹೂವಿನ ಕಾರು ಬಾಡಿಗಿಗೆ ಸಿಗತಾವ, ಅದರ ಬಾಡಿಗಿ ನಾ ಕೊಡ್ತೀನಿ, ಲಗ್ನಕ್ಕ ಬಸ್ಸಿನ್ಯಾಗ ಬರ್ತೀನಿ, ಊಟಾನೂ ಮಾಡ್ತೀನಿ, ಖಾರದ ಪೊಟ್ಟಣ ಕಟ್ಟಿಸಿಕೊಂಡು ಬರ್ತೀನಿ. ಯಾವುದಂತ ಹಿಂದಿನ ಅಮಾಸಿಯೊಳಗ ಹೇಳು. ಹುಡ್ ಬಿಚ್ಚೂದಿದ್ರ ಪೈಪು ಸಡ್ಲ ಮಾಡಿ ಎಣ್ಣಿ ಬಿಡಬೇಕು, ಇಪ್ಪತ್ತೆರಡು ಗುಂಡಿ ಅದಾವ, ಒಬ್ಬಾಕಿ ಕೈಲೆ ಅರ್ಧ ತಾಸಿನ ಕೆಲಸ.